ಅಂಚು ಕಾಯುವ ಕಾಗದದ ಪಟ್ಟಿ

ಕಾರಿಗೆ ಪಾಲಿಶ್ ಹಾಕುವವನ ಕೈಗುಣ ತಿಳಿಯಬೇಕಾದರೆ, ಅವನು ಮೆಷಿನ್ ಹಿಡಿಯುವ ಮೊದಲು ಏನು ಮಾಡುತ್ತಾನೆಂದು ನೋಡಬೇಕು. ಒಳ್ಳೆಯ ಕೆಲಸಗಾರ ಗಾಡಿಯನ್ನು ತೊಳೆದು ಒರೆಸಿ, ಟೇಪಿನ ಸುರುಳಿ ಹಿಡಿದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. ಕಿಟಕಿಯ ರಬ್ಬರು, ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿ, ದೀಪದ ಸುತ್ತು, ಬಾಗಿಲಿನ ಮತ್ತು ಬಾನೆಟ್ಟಿನ ಅಂಚು, ಎಲ್ಲಕ್ಕೂ ಟೇಪು ಬೀಳುತ್ತದೆ. ನಾವು ಕೂದಲಿಗೆ ಬಣ್ಣ ಹಚ್ಚುವ ಮುನ್ನ ಹಣೆಯಂಚಿಗೆ, ಕಿವಿಯ ಹಿಂದೆ ಎಣ್ಣೆ ಸವರಿಕೊಳ್ಳುವುದಿಲ್ಲವೆ? ಇದೂ ಹಾಗೆಯೇ.

ಈ ಉಪಚಾರ ಸುಮ್ಮನೆ ಅಲ್ಲ. ಇಂದಿನ ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೂ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಹೊಳಪು ಕೊಡುವ ಮೇಲಿನ ಪಾರದರ್ಶಕ ಪದರವಂತೂ ತಲೆಗೂದಲಿಗಿಂತ ತೆಳು. ಬಣ್ಣ ಹಸಿಯಾಗಿರುವಾಗ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ. ಆದ್ದರಿಂದ ಅಲ್ಲಿ ಪದರ ಇನ್ನೂ ತೆಳ್ಳಗೆ, ದೋಸೆಯ ಅಂಚಿನಂತೆ. ಗರಗರ ತಿರುಗುವ ಪ್ಯಾಡು ಸಮತಟ್ಟಾದ ಜಾಗದಲ್ಲಿ ಭಾರವನ್ನು ಹಂಚಿಕೊಳ್ಳುತ್ತದೆ. ಅಂಚಿನ ಮೇಲೆ ಬಂದಾಗ ಅದರ ಒತ್ತಡ, ಬಿಸಿ ಎಲ್ಲವೂ ಒಂದು ಗೆರೆಯ ಮೇಲೆ ಬೀಳುತ್ತವೆ. ಬಣ್ಣ ಸವೆದು ಹೋಗಲು ಕೆಲವು ಕ್ಷಣ ಸಾಕು. ಕಪ್ಪು ಪ್ಲಾಸ್ಟಿಕ್ಕಿನ ಕಷ್ಟ ಬೇರೆ. ಅದರ ತರಿತರಿ ಮೈಯಲ್ಲಿ ಪಾಲಿಶಿನ ಪೇಸ್ಟು ಹೊಕ್ಕು ಬೆಳ್ಳಗೆ ಒಣಗಿದರೆ, ತಿಕ್ಕಿದಷ್ಟೂ ಮುಖದ ಮೇಲಿನ ಪೌಡರಿನ ಹಾಗೆ ಎದ್ದು ಕಾಣುತ್ತದೆ.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಕಾರಣವಿದೆ. ಅಪ್ಪ ತೀರಿಕೊಂಡ ಮೇಲೆ ಅವರ ಬಿಳಿ ಮಾರುತಿಯನ್ನು ನನ್ನ ತಮ್ಮ ನಮ್ಮೂರಿನ ಒಂದು ಅಂಗಡಿಗೆ ಪಾಲಿಶಿಗೆ ಕೊಟ್ಟ. ಅಮ್ಮನಿಗೆ ಸಂತೋಷವಾಗಲೆಂದು ಮಾಡಿದ ಕೆಲಸ. ಗಾಡಿ ಫಳಫಳ ಹೊಳೆಯುತ್ತ ಬಂತು. ಆದರೆ ಬಾನೆಟ್ಟಿನ ಅಂಚಿನಲ್ಲಿ ಗೇಣುದ್ದ ಬಣ್ಣ ಹೋಗಿ ಒಳಗಿನ ಬೂದು ಇಣುಕುತ್ತಿತ್ತು. ಕೇಳಿದರೆ, “ಟೇಪು ಸುತ್ತುತ್ತ ಕೂತರೆ ದಿನಕ್ಕೆ ಎರಡು ಗಾಡಿ ಆಗೊಲ್ಲಮ್ಮ” ಎಂದರು. ಹೊಸ ಬಣ್ಣ ಹೊಡೆಸೋಣವೆಂದು ತಮ್ಮ ಹೇಳಿದ. ಅಮ್ಮ ಒಪ್ಪಲಿಲ್ಲ. “ಭಾನುವಾರ ಭಾನುವಾರ ಅವರು ಒರೆಸ್ತಿದ್ದ ಬಣ್ಣ ಕಣೋ ಇದು. ಇದ್ದಷ್ಟು ಇರಲಿ ಬಿಡು” ಎಂದರು. ಹೋದದ್ದು ಒಂದು ಗೆರೆ. ಆದರೂ ಅಮ್ಮ ಬಹಳ ದಿನ ಗಾಡಿಯ ಆ ಬದಿಗೆ ಹೋಗಲಿಲ್ಲ.

ಆಮೇಲೆ ಈ ಟೇಪಿನ ಹುಟ್ಟನ್ನು ಓದಿದಾಗ ತಿಳಿಯಿತು, ಅದು ಹುಟ್ಟಿದ್ದೇ ಕಾರಿನ ಅಂಚು ಕಾಯಲು ಎಂದು. ಕಥೆ ನಡೆದದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ಊರಿನಲ್ಲಿ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1914ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬರಿಯ ಕಪ್ಪು ಬಣ್ಣದಲ್ಲೇ ಬರುತ್ತಿತ್ತು. ಇತ್ತ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ ಬಂದು, 1924ರ ಓಕ್ಲೆಂಡ್ ಕಾರುಗಳು ನೀಲಿಯಲ್ಲಿ ಮಿಂಚಿದವು. ಒಂದೇ ಗಾಡಿಗೆ ಎರಡು ಬಣ್ಣ ಬಳಿಸುವ ಷೋಕಿಯೂ ಹಬ್ಬಿತು. ಕಷ್ಟ ಬಂದದ್ದು ಬಣ್ಣ ಹೊಡೆಯುವವರಿಗೆ. ಮೊದಲ ಬಣ್ಣಕ್ಕೆ ಕಾಗದ ಮುಚ್ಚಿ, ಅಂಟು ಹಾಕಿ ಎರಡನೆಯದನ್ನು ಹೊಡೆಯಬೇಕು. ಕಾಗದ ಕಿತ್ತರೆ ಅದರೊಂದಿಗೆ ಬಣ್ಣವೂ ಕಿತ್ತು ಬರುತ್ತಿತ್ತು.

ಆ ಊರಿನ ಮರಳುಕಾಗದದ ಕಂಪನಿಯೊಂದರಲ್ಲಿ ರಿಚರ್ಡ್ ಡ್ರೂ ಎಂಬ ತರುಣನಿದ್ದ. 1902ರಲ್ಲಿ ಆರಂಭವಾದ ಆ ಕಂಪನಿಯನ್ನೇ ಇಂದು ನಾವು 3ಎಂ ಎನ್ನುತ್ತೇವೆ. ಡ್ರೂ ಕಾಲೇಜು ಅರ್ಧಕ್ಕೆ ಬಿಟ್ಟವನು, ಬ್ಯಾಂಜೊ ನುಡಿಸಿ ನಾಲ್ಕು ಕಾಸು ಸಂಪಾದಿಸಿದವನು. ಮರಳುಕಾಗದದ ಮಾದರಿ ಕೊಡಲು ಗ್ಯಾರೇಜಿಗೆ ಹೋದಾಗ ಕೆಲಸಗಾರರ ಬೈಗುಳ ಅವನ ಕಿವಿಗೆ ಬಿತ್ತು. ಬೇರೆಯವರಾಗಿದ್ದರೆ ಮಾದರಿ ಕೊಟ್ಟು ಬರುತ್ತಿದ್ದರು. ಇವನು ನಿಂತು ಕೇಳಿದ. ಸರಿಯಾದ ಟೇಪು ಮಾಡಿಕೊಡುತ್ತೇನೆಂದು ಮಾತು ಕೊಟ್ಟ.

ಅಂಟಬೇಕು, ಆದರೆ ಕೇಳಿದಾಗ ಬಿಟ್ಟುಬಿಡಬೇಕು. ಇದೇ ಅವನ ಒಗಟು. ಎಷ್ಟೋ ಎಣ್ಣೆ, ಗೋಂದುಗಳನ್ನು ಕಲಸಿ ನೋಡಿದ. ಕಂಪನಿಯ ಮೇಲಧಿಕಾರಿ ವಿಲಿಯಂ ಮೆಕ್‌ನೈಟ್ “ಸಾಕು, ಮರಳುಕಾಗದದ ಕೆಲಸ ನೋಡು” ಎಂಬರ್ಥದ ಅಪ್ಪಣೆ ಮಾಡಿದರೂ ಡ್ರೂ ಬಿಡಲಿಲ್ಲ. ಯಂತ್ರ ಕೊಳ್ಳಲು ಒಪ್ಪಿಗೆ ಸಿಗದಾಗ, ತನ್ನ ಅಧಿಕಾರದ ಮಿತಿಯಾದ ನೂರು ಡಾಲರಿನೊಳಗೆ ತುಂಡು ತುಂಡಾಗಿ ಬಿಲ್ಲು ಮಾಡಿಸಿ ತರಿಸಿಕೊಂಡನಂತೆ! ಮನೆಖರ್ಚಿನಲ್ಲಿ ಉಳಿಸಿ ಮಿಕ್ಸಿ ಕೊಂಡವರಿಗೆ ಈ ಜಾಣತನ ಹೊಸದೇನಲ್ಲ. ಕೊನೆಗೆ ಸುಕ್ಕುಸುಕ್ಕಾದ ಕ್ರೇಪ್ ಕಾಗದ ಕೈಹಿಡಿಯಿತು. ಅದು ಹಿಗ್ಗುತ್ತದೆ, ತಿರುವಿನಲ್ಲೂ ಬಾಗುತ್ತದೆ. 1925ರಲ್ಲಿ ಮಾಸ್ಕಿಂಗ್ ಟೇಪು ಸಿದ್ಧವಾಯಿತು.

ಮೊದಲ ಮಾದರಿಗೆ ಎರಡು ಅಂಚಿನಲ್ಲಿ ಮಾತ್ರ ಅಂಟಿತ್ತು. ಅದು ಕಳಚಿ ಬಿತ್ತು. ಸಿಟ್ಟಿಗೆದ್ದ ಕೆಲಸಗಾರನೊಬ್ಬ, “ನಿನ್ನ ಜುಗ್ಗ ಸ್ಕಾಚ್ ಯಜಮಾನರಿಗೆ ಹೇಳು, ಇನ್ನಷ್ಟು ಅಂಟು ಹಾಕಲಿ” ಎಂದು ಅಬ್ಬರಿಸಿದನೆಂದೂ, ಅದರಿಂದಲೇ ಸ್ಕಾಚ್ ಎಂಬ ಹೆಸರು ಬಂತೆಂದೂ ಕಥೆ ಹೇಳುತ್ತಾರೆ. ಅದೇ ಡ್ರೂ 1930ರಲ್ಲಿ ಪಾರದರ್ಶಕ ಟೇಪನ್ನೂ ತಂದ. ಇಂದು ಮಕ್ಕಳ ಹರಿದ ಪುಸ್ತಕದ ಹಾಳೆಗೆ ನಾವು ಅಂಟಿಸುವುದು ಅದರ ಸಂತತಿಯನ್ನೇ.

ಕೆಲಸ ಮುಗಿದ ಮೇಲೆ ಟೇಪನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯುತ್ತಾರೆ. ಗಾಡಿ ನೋಡಿದವರು ಹೊಳಪನ್ನು ಹೊಗಳುತ್ತಾರೆ. ಏನೂ ಕೆಡದೆ ಉಳಿಯಿತಲ್ಲ ಎಂದು ಹೊಗಳುವವರಿಲ್ಲ. ಹಾಲು ಉಕ್ಕದಂತೆ ನೋಡಿಕೊಂಡವಳನ್ನು ಯಾರಾದರೂ ಹೊಗಳಿದ್ದುಂಟೆ?

ನಿಮ್ಮ ಮನೆಯ ಗಾಡಿಯನ್ನು ಪಾಲಿಶಿಗೆ ಕೊಡುವಾಗ ಎಷ್ಟು ಹೊಳೆಯುತ್ತದೆ ಎಂದು ಕೇಳುವ ಮೊದಲು, ಟೇಪು ಹಾಕುತ್ತೀರಾ ಎಂದು ಕೇಳಿ. ಅಂಚುಗಳನ್ನು ಕೊನೆಗೆ ಬಟ್ಟೆಯಿಂದ ಕೈಯಲ್ಲೇ ಒರೆಸಿರೆಂದು ಹೇಳಿ. ಟೇಪು ಬಿಸಿಲಲ್ಲಿ ದಿನಗಟ್ಟಲೆ ಉಳಿದರೆ ಅದರ ಅಂಟೇ ಗಾಡಿಗೆ ಹತ್ತಿಕೊಳ್ಳುತ್ತದೆ, ಅವತ್ತೇ ತೆಗೆಸಿ. ಅದಕ್ಕೆ ಹಿಡಿಯುವ ಅರ್ಧ ಗಂಟೆಯ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.