ಕುದುರೆಯ ಕೀಲು, ಮನುಷ್ಯನ ಮಂಡಿ

1968ರ ಮೇ 4. ಅಮೆರಿಕದ ಲೂಯಿವಿಲ್ ನಗರದಲ್ಲಿ ಕೆಂಟಕಿ ಡರ್ಬಿ ಪಂದ್ಯ. ಎಲ್ಲಕ್ಕಿಂತ ಹಿಂದೆ ಉಳಿದಿದ್ದ ‘ಡ್ಯಾನ್ಸರ್ಸ್ ಇಮೇಜ್’ ಎಂಬ ಬೂದು ಬಣ್ಣದ ಕುದುರೆ ಕೊನೆಗೆ ಮುನ್ನುಗ್ಗಿ ಮೊದಲು ಗುರಿ ಮುಟ್ಟಿತು. ಆದರೆ ಅದರ ಮೂತ್ರ ಪರೀಕ್ಷೆಯಲ್ಲಿ ಫಿನೈಲ್‌ಬ್ಯೂಟಜೋನ್ ಎಂಬ ಔಷಧದ ಅಂಶ ಪತ್ತೆಯಾಯಿತು. ಗೆಲುವು ಕೈತಪ್ಪಿತು. ಮಾಲೀಕರು ವರ್ಷಗಟ್ಟಲೆ ಕೋರ್ಟಿಗೆ ಅಲೆದರೂ ಫಲ ಸಿಗಲಿಲ್ಲ.

ಇದು ಕುದುರೆಗೆ ಹುಚ್ಚು ವೇಗ ಕೊಡುವ ಔಷಧವಲ್ಲ. ನೋವು ಮತ್ತು ಬಾವನ್ನು ತಗ್ಗಿಸುವಂಥದ್ದು. 1949ರಲ್ಲಿ ಮೊದಲು ಬಳಕೆಗೆ ಬಂದದ್ದು ಮನುಷ್ಯರ ಸಂಧಿವಾತಕ್ಕೇ. ಡ್ಯಾನ್ಸರ್ಸ್ ಇಮೇಜ್‌ಗೆ ಇದ್ದದ್ದೂ ಕಾಲಿನ ಕೀಲುಗಳ ನೋವೇ.

ಸುಮಾರು ಅರ್ಧ ಟನ್ ತೂಗುವ ಪ್ರಾಣಿ ನಾಗಾಲೋಟದಲ್ಲಿರುವಾಗ ಕೆಲವು ಕ್ಷಣ ಅದರ ಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಮೂಳೆಗಳ ತುದಿಗೆ ಹೊದಿಸಿದ ಮೃದ್ವಸ್ಥಿಯೇ ಆಗ ಮೆತ್ತೆ. ಈ ಮೆತ್ತೆಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಆದ್ದರಿಂದ ಅದು ಸವೆಯತೊಡಗಿದರೆ ಬೇಗ ಗೊತ್ತಾಗುವುದಿಲ್ಲ, ಸವೆದದ್ದು ಸರಿಯಾಗಿ ಮತ್ತೆ ಬೆಳೆಯುವುದೂ ಇಲ್ಲ. ಸವೆದ ಚೂರುಗಳು ಕೀಲಿನ ಒಳಪೊರೆಯನ್ನು ಕೆರಳಿಸಿ ಉರಿಯೂತ ತರುತ್ತವೆ. ಉರಿಯೂತದಲ್ಲಿ ಸ್ರವಿಸುವ ಕಿಣ್ವಗಳು ಮೃದ್ವಸ್ಥಿಯನ್ನು ಇನ್ನಷ್ಟು ತಿನ್ನುತ್ತವೆ. ಹೀಗೆ ಸವೆತದಿಂದ ಉರಿಯೂತ, ಉರಿಯೂತದಿಂದ ಸವೆತ.

ಕ್ಲೋಡ್ ಬೂರ್ಜೆಲಾ 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಮೊದಲ ಪಶುವೈದ್ಯ ಶಾಲೆ ಸ್ಥಾಪಿಸಿದರು. ಅವರು ಮೂಲತಃ ಕುದುರೆ ಸವಾರಿ ಕಲಿಸುತ್ತಿದ್ದವರು. ಆದರೂ ಕುಂಟುವ ಕುದುರೆಗೆ ಕಾದ ಕಬ್ಬಿಣದಿಂದ ಬರೆ ಎಳೆಯುವ ಪದ್ಧತಿ ಆಮೇಲೂ ಬಹುಕಾಲ ಉಳಿಯಿತು.

ದೊಡ್ಡ ತಿರುವು ಬಂದದ್ದು ಕಾರ್ಟಿಸೋನ್‌ನಿಂದ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಇದನ್ನು ಸಂಧಿವಾತದ ರೋಗಿಗೆ ಕೊಟ್ಟು ಬೆರಗಾಗುವಂಥ ಫಲ ಕಂಡರು. 1950ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಅದೇ ದಶಕದಲ್ಲಿ ಈ ಜಾತಿಯ ಔಷಧಗಳನ್ನು ಕುದುರೆಯ ಕೀಲಿಗೂ ಚುಚ್ಚತೊಡಗಿದರು. ಕುಂಟು ಕಡಿಮೆಯಾಗುತ್ತಿತ್ತು. ಆದರೆ ಒಳಗಿನ ಸವೆತ ಮಾಯುತ್ತಿರಲಿಲ್ಲ. ನೋವಿಲ್ಲವೆಂದು ಕುದುರೆಯನ್ನು ಮತ್ತೆ ಓಡಿಸಿದರೆ ಕೀಲು ಇನ್ನಷ್ಟು ಹಾಳಾಗುವ ಅಪಾಯವಿತ್ತು.

ಇನ್ನೊಂದು ದಾರಿ ಹಸುವಿನ ಕಣ್ಣಿನಿಂದ ಶುರುವಾಯಿತು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದರೊಳಗಿನ ಲೋಳೆಯಿಂದ ಹಯಲುರಾನಿಕ್ ಆಮ್ಲವನ್ನು ಬೇರ್ಪಡಿಸಿದರು. ಕೀಲಿನೊಳಗಿನ ದ್ರವಕ್ಕೆ ಎಣ್ಣೆಯ ಜಿಗುಟು ಕೊಡುವುದೂ ಇದೇ ವಸ್ತು. ಹಂಗೆರಿ ಮೂಲದ ಎಂಡ್ರೆ ಬಲಾಜ್ಸ್ ಇದನ್ನು ಶುದ್ಧೀಕರಿಸಿದರು. ಅವರೂ ಸಂಗಡಿಗರೂ ಪಂದ್ಯದ ಕುದುರೆಗಳ ಕೀಲಿಗೆ ಇದನ್ನು ಚುಚ್ಚಿ, 1970ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನುಷ್ಯರ ಮಂಡಿಗೆ ಇದನ್ನು ಚುಚ್ಚಲು ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟದ್ದು 1997ರಲ್ಲಿ. ಆದರೂ ಇದರಿಂದ ಮನುಷ್ಯರಿಗಾಗುವ ಪ್ರಯೋಜನ ಎಷ್ಟು ಎಂಬ ಬಗ್ಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ.

ಕುದುರೆಯ ಮಂಡಿಯ ಮೃದ್ವಸ್ಥಿಯ ದಪ್ಪ ಮನುಷ್ಯನದಕ್ಕೆ ಹತ್ತಿರ. ಇಬ್ಬರನ್ನೂ ಕಾಡುವ ಕಾಯಿಲೆಯೂ ಒಂದೇ ಬಗೆಯದು. ಹೀಗಾಗಿ ವಿಜ್ಞಾನಿಗಳಿಗೆ ಕುದುರೆ ಒಳ್ಳೆಯ ಮಾದರಿ. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವೇಯ್ನ್ ಮೆಕಿಲ್‌ರೈತ್ ಅವರ ಸಂಗಡಿಗರು ಉರಿಯೂತ ಹಬ್ಬಿಸುವ ಇಂಟರ್‌ಲ್ಯೂಕಿನ್–1 ಎಂಬ ಪ್ರೋಟೀನನ್ನು ತಡೆಯುವ ಜೀನನ್ನೇ ಕುದುರೆಯ ಕೀಲಿಗೆ ಸೇರಿಸಿ ನೋಡಿದರು. ಕುಂಟೂ ತಗ್ಗಿತು, ಮೃದ್ವಸ್ಥಿಯೂ ಕಡಿಮೆ ಹಾಳಾಯಿತು ಎಂದು 2002ರಲ್ಲಿ ವರದಿಯಾಯಿತು. ಅದೇ ಜಾಡಿನ ಚಿಕಿತ್ಸೆ ಈಗ ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿದೆ.

ಹಳೆಯ ಪ್ರಶ್ನೆ ಮಾತ್ರ ಹೋಗಿಲ್ಲ. 2021ರ ಕೆಂಟಕಿ ಡರ್ಬಿಯಲ್ಲಿ ಮೊದಲು ಬಂದ ‘ಮೆಡಿನಾ ಸ್ಪಿರಿಟ್’ ಮೈಯಲ್ಲಿ ಬೀಟಾಮೆಥಾಸೋನ್ ಸಿಕ್ಕಿತು. ಕೀಲಿಗೂ ಚುಚ್ಚುವ, ಕಾರ್ಟಿಸೋನ್ ಜಾತಿಯ ಔಷಧವಿದು. ಚರ್ಮಕ್ಕೆ ಹಚ್ಚಿದ ಮುಲಾಮಿನದು ಎಂಬ ವಾದ ನಡೆಯಲಿಲ್ಲ. 2022ರಲ್ಲಿ ಗೆಲುವು ರದ್ದಾಯಿತು. ಅಷ್ಟರಲ್ಲಿ ಕುದುರೆಯೇ ಸತ್ತುಹೋಗಿತ್ತು.

ಮಂಡಿ ನೋಯುವ ಮನುಷ್ಯ ‘ಇನ್ನು ನಡೆಯಲಾರೆ’ ಎಂದು ಕೂತುಬಿಡಬಲ್ಲ. ಕುದುರೆಗೆ ಹಾಗೆನ್ನಲು ಇರುವುದು ಕುಂಟುವ ಭಾಷೆಯೊಂದೇ. ಔಷಧ ಅದರ ಕೀಲನ್ನು ಉಳಿಸುತ್ತಿದೆಯೋ, ಆ ಭಾಷೆಯನ್ನೇ ಅಡಗಿಸುತ್ತಿದೆಯೋ ಎಂದು ನೋಡುವ ಹೊಣೆ ಲಗಾಮು ಹಿಡಿದವನದು.