ಆಕರಕೋಶದ ಆಸೆ, ಗುಳಿಗೆಯ ಆಸರೆ

ಗ್ರಾಂಟ್ ರೋಡಿಗೆ ಆ ಹೆಸರು ಬಂದದ್ದು 1835ರಿಂದ 1838ರವರೆಗೆ ಮುಂಬಯಿಯ ಗವರ್ನರರಾಗಿದ್ದ ಸರ್ ರಾಬರ್ಟ್ ಗ್ರಾಂಟರಿಂದ. 1845ರಲ್ಲಿ ಆರಂಭವಾದ ಗ್ರಾಂಟ್ ವೈದ್ಯಕೀಯ ಕಾಲೇಜಿಗೂ ಅವರದೇ ಹೆಸರು. ಆ ಕಾಲೇಜಿನ ಜೆ.ಜೆ. ಆಸ್ಪತ್ರೆ, ಕಾಮಾಟಿಪುರ, ಬೆಲಾಸಿಸ್ ರಸ್ತೆ, ಇವೆಲ್ಲ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟೇ ದೂರ. ಎಚ್.ಐ.ವಿ. ಎಂಬ ರೋಗಾಣುವಿನ ಭಾರತೀಯ ಚರಿತ್ರೆಯ ಕೆಲವು ಮುಖ್ಯ ಪುಟಗಳು ಈ ಕಿರಿದಾದ ಆವರಣದಲ್ಲೇ ಇವೆ.

ನಮ್ಮ ದೇಶದಲ್ಲಿ ಈ ಸೋಂಕನ್ನು ಮೊದಲು ಪತ್ತೆಹಚ್ಚಿದ್ದು 1986ರಲ್ಲಿ, ಮದರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ಸಂಗಡಿಗರು. ಮುಂಬಯಿಯಲ್ಲಿ ಅದರ ಪೆಟ್ಟು ಬಲವಾಗಿ ಬಿದ್ದದ್ದು ಕಾಮಾಟಿಪುರದ ಮೇಲೆ. ಅಲ್ಲಿದ್ದವರಲ್ಲಿ ದೇವದಾಸಿಯರೆಂದು ಮುತ್ತು ಕಟ್ಟಿಸಿಕೊಂಡು ಬೆಳಗಾವಿಯ ಕಡೆಯಿಂದ ಬಂದ ಕನ್ನಡದ ಹೆಣ್ಣುಮಕ್ಕಳೂ ಇದ್ದರು. ಆ ಪದ್ಧತಿಯನ್ನು ಕರ್ನಾಟಕ ಸರಕಾರ 1982ರ ಕಾಯಿದೆಯಿಂದ ನಿಷೇಧಿಸಿತು. ಆದ್ದರಿಂದ ಇದು ಪರರ ಕಥೆಯೆಂದು ನಾವು ಮುಖ ತಿರುಗಿಸುವಂತಿಲ್ಲ.

1996ರಲ್ಲಿ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಫಲಕಾರಿಯೆಂದು ಸಿದ್ಧವಾಯಿತು. ಆದರೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮಿಕ್ಕಿದ ಬೆಲೆ! ಬಡವನಿಗೆ ಅದು ಇದ್ದರೂ ಇಲ್ಲದಂತೆ. 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಸ್ಥಾಪಿಸಿದ, ಬೆಲಾಸಿಸ್ ರಸ್ತೆಯಲ್ಲಿ ಬೆಳೆದ ಸಿಪ್ಲಾ ಕಂಪನಿ 2001ರಲ್ಲಿ ಅದನ್ನು ವರ್ಷಕ್ಕೆ 350 ಡಾಲರಿಗೆ, ಎಂದರೆ ಅಂದಿನ ಸುಮಾರು ಹದಿನಾರು ಸಾವಿರ ರೂಪಾಯಿಗೆ, ಸೇವಾಸಂಸ್ಥೆಗೆ ಕೊಡುವುದಾಗಿ ಸಾರಿತು. ಆಗ ಅದರ ಮುಖ್ಯಸ್ಥರು ಸ್ಥಾಪಕರ ಮಗ ಯೂಸುಫ್ ಹಮೀದ್. 2004ರ ಏಪ್ರಿಲ್ 1ರಿಂದ ಸರಕಾರವೇ ಔಷಧವನ್ನು ಉಚಿತವಾಗಿ ಕೊಡತೊಡಗಿತು. ಮೊದಲ ಕೇಂದ್ರಗಳಲ್ಲಿ ಜೆ.ಜೆ. ಆಸ್ಪತ್ರೆಯೂ ಒಂದು.

ಗುಳಿಗೆ ರೋಗಾಣುವಿನ ವೃದ್ಧಿಯನ್ನು ತಡೆಯುತ್ತದೆ, ಆದರೆ ನಿರ್ಮೂಲ ಮಾಡದು. ರಕ್ತದ ಕೆಲವು ಕಣಗಳಲ್ಲಿ ಅದು ಅಡಗಿ ಕುಳಿತಿರುತ್ತದೆ. ಗುಳಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ತಲೆಯೆತ್ತುತ್ತದೆ.

ಇಲ್ಲಿಯೇ ಸ್ಟೆಮ್ ಸೆಲ್, ಅಂದರೆ ಆಕರಕೋಶದ ಆಸೆ ಹುಟ್ಟಿದ್ದು. ಟಿಮೊಥಿ ರೇ ಬ್ರೌನ್ ಎಂಬವರಿಗೆ ಎಚ್.ಐ.ವಿ.ಯ ಜೊತೆ ರಕ್ತದ ಕ್ಯಾನ್ಸರೂ ಇತ್ತು. 2007ರಲ್ಲಿ ಬರ್ಲಿನ್ನಿನ ಡಾ. ಗೆರೊ ಹ್ಯೂಟರ್ ಅವರಿಗೆ ಬೇರೊಬ್ಬರ ಆಕರಕೋಶಗಳನ್ನು ಕೊಟ್ಟರು. ರೋಗಾಣು ಕಣದೊಳಗೆ ನುಗ್ಗಲು ಸಿ.ಸಿ.ಆರ್.5 ಎಂಬ ಬಾಗಿಲು ಬೇಕು. ಆ ದಾನಿಯ ಕಣಗಳಲ್ಲಿ ಹುಟ್ಟಿನಿಂದಲೇ ಆ ಬಾಗಿಲು ಇರಲಿಲ್ಲ. ಬ್ರೌನ್ ಗುಳಿಗೆ ಬಿಟ್ಟರೂ ಎಚ್.ಐ.ವಿ. ಮರಳಲಿಲ್ಲ. 2020ರಲ್ಲಿ ಅವರು ತೀರಿಕೊಂಡದ್ದು ಮರುಕಳಿಸಿದ ಕ್ಯಾನ್ಸರಿನಿಂದ. ಅನಂತರ ಲಂಡನ್ನಿನಿಂದ 2019ರಲ್ಲಿ, ಡುಸೆಲ್‌ಡಾರ್ಫಿನಿಂದ 2023ರಲ್ಲಿ ಇಂಥದೇ ಸುದ್ದಿ ಬಂತು.

ಸುದ್ದಿ ನಿಜ, ಆದರೆ ಇವರೆಲ್ಲ ಕ್ಯಾನ್ಸರಿಗಾಗಿಯೇ ಆ ಚಿಕಿತ್ಸೆಗೆ ಒಳಗಾದವರು. ಹಳೆಯ ಮಜ್ಜೆಯನ್ನು ನಾಶಮಾಡಿ ಹೊಸದನ್ನು ನೆಡುವ ಕೆಲಸ ಪ್ರಾಣಕ್ಕೇ ಅಪಾಯ. ಅಂಥ ದಾನಿಗಳು ಉತ್ತರ ಯುರೋಪಿನಲ್ಲೇ ನೂರಕ್ಕೊಬ್ಬರು, ನಮ್ಮಲ್ಲಿ ಅತಿ ವಿರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಸೂತ್ರಗಳ ಪ್ರಕಾರ, ರಕ್ತಸಂಬಂಧಿ ರೋಗಗಳು ಮೊದಲಾದ ಮಾನ್ಯ ಉಪಯೋಗಗಳ ಹೊರಗೆ ಆಕರಕೋಶವನ್ನು ಅನುಮತಿಯಿರುವ ಪ್ರಯೋಗಗಳಲ್ಲಿ ಮಾತ್ರ ಬಳಸಬಹುದು. ಹಣ ಪಡೆದು ಎಚ್.ಐ.ವಿ. ವಾಸಿ ಮಾಡುತ್ತೇವೆಂದು ಯಾರಾದರೂ ಬಂದರೆ, ಊರಿನ ಹೊಲ ಅಡವಿಡುವ ಮೊದಲು ಇದನ್ನು ನೆನೆಯಬೇಕು.

ನಮ್ಮಂಥ ವಲಸಿಗರಿಗೆ ಇನ್ನೊಂದು ಮಾತು. ಊರಿಗೆ ಮರಳುವವರು ತಮ್ಮ ಕೇಂದ್ರಕ್ಕೆ ಮೊದಲೇ ತಿಳಿಸಿದರೆ ಹೆಸರನ್ನು ಊರಿನ ಕಡೆಯ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ. 1097ಕ್ಕೆ ಫೋನ್ ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು 2017ರ ಕಾಯಿದೆ ತಡೆದಿದೆ. ಆಕರಕೋಶದ ಸಂಶೋಧನೆ ಮುಂದುವರಿಯಲಿ. ಅದು ಕೈಗೂಡುವ ದಿನವನ್ನು ಕಾಣಲಾದರೂ ಇಂದಿನ ಗುಳಿಗೆಯನ್ನು ಇಂದೇ ನುಂಗಬೇಕು.