ಉಚಿತವೂ ಮುಕ್ತವೂ: ಒಂದು ಪೊಟ್ಟಣದ ಚರಿತ್ರೆ

ಗಚ್ಚಿಬೌಲಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಶಾಲ ಆವರಣವಿದೆ. ತೆಲುಗಿನಲ್ಲಿ ಮುಕ್ತ ತಂತ್ರಾಂಶವನ್ನು ಬೆಳೆಸಿದ ‘ಸ್ವೇಚ್ಛಾ’ ಸಂಘಟನೆಯ ನೆಲೆಯೂ ಇಲ್ಲಿಯೇ. ತಂತ್ರಾಂಶವನ್ನು ಕಾಣುವ ಎರಡು ದೃಷ್ಟಿಗಳು ನೆರೆಹೊರೆಯಾಗಿರುವ ಈ ಊರಿನಲ್ಲಿ ಕುಳಿತು ಕನ್ನಡ ಬರೆಯುವ ನಮಗೆ, ಲಿನಕ್ಸ್‌ನ ಒಂದು ಸಣ್ಣ ಪೊಟ್ಟಣದ ಚರಿತ್ರೆ ಹೊರಗಿನದೆನಿಸಲಾರದು.

1996ರಲ್ಲಿ ಮೈಕ್ರೋಸಾಫ್ಟ್ ಏರಿಯಲ್, ಟೈಮ್ಸ್ ನ್ಯೂ ರೋಮನ್ ಮೊದಲಾದ ಫಾಂಟುಗಳನ್ನು ಜಾಲದಲ್ಲಿ ಉಚಿತವಾಗಿ ನೀಡತೊಡಗಿತು. ಮರುಹಂಚಿಕೆಗೆ ಮಾತ್ರ ಒಂದು ನಿಬಂಧನೆಯಿತ್ತು: ಕಡತವನ್ನು ಕೊಟ್ಟ ರೂಪದಲ್ಲೇ ಹಂಚಬೇಕು, ಬದಲಿಸಕೂಡದು. ಇತ್ತ ಡೆಬಿಯನ್ ಬಳಗ 1997ರ ತನ್ನ ಸಾಮಾಜಿಕ ಒಪ್ಪಂದದಲ್ಲಿ, ಬದಲಿಸಲೂ ಹಂಚಲೂ ಅವಕಾಶವಿರುವ ತಂತ್ರಾಂಶವನ್ನಷ್ಟೇ ಮುಕ್ತವೆಂದು ಒಪ್ಪಿತು. ಆದ್ದರಿಂದ ಈ ಫಾಂಟುಗಳು ಅದರ ಮುಖ್ಯ ಭಂಡಾರವನ್ನು ಸೇರುವಂತಿರಲಿಲ್ಲ.

ದೊರೆತ ಪರಿಹಾರ ಜಾಣತನದ್ದು. ಡೆಬಿಯನ್ ಸಿದ್ಧಪಡಿಸಿದ ಪೊಟ್ಟಣದೊಳಗೆ ಒಂದು ಫಾಂಟೂ ಇಲ್ಲ. ಅನುಸ್ಥಾಪಿಸುವಾಗ ಅದು ಸೋರ್ಸ್‌ಫೋರ್ಜ್ ತಾಣದಿಂದ ಮೂಲ ಕಡತಗಳನ್ನು ತರಿಸಿ, ಪರೀಕ್ಷಿಸಿ, ಬಳಕೆದಾರರ ಗಣಕದಲ್ಲೇ ಬಿಚ್ಚುತ್ತದೆ. ಉಬುಂಟುವಿನಲ್ಲಾದರೆ ಮೊದಲು ಪರವಾನಗಿಯನ್ನು ತೋರಿಸಿ ಒಪ್ಪಿಗೆಯನ್ನೂ ಕೇಳುತ್ತದೆ. 2002ರಲ್ಲಿ ಮೈಕ್ರೋಸಾಫ್ಟ್ ತನ್ನ ತಾಣದಿಂದ ಈ ಕಡತಗಳನ್ನು ಹಿಂತೆಗೆಯಿತು. ಮರುಹಂಚಿಕೆಯ ಆ ಅಲ್ಪ ಅನುಮತಿಯೇ ಅವನ್ನು ಉಳಿಸಿತು.

ಅಷ್ಟೂ ಅನುಮತಿಯಿಲ್ಲದ ಕಡತಗಳ ವಿಷಯದಲ್ಲಿ ಜೆಂಟೂ ಇನ್ನೂ ಕಟ್ಟುನಿಟ್ಟು. ಪರವಾನಗಿ ಅಡ್ಡಬಂದರೆ ಅದರ ವ್ಯವಸ್ಥೆ ಅಲ್ಲಿಯೇ ನಿಲ್ಲುತ್ತದೆ; ‘ನೀವೇ ಹೋಗಿ, ಒಪ್ಪಿ, ಕಡತವನ್ನು ತಂದಿಡಿ’ ಎಂಬ ಅರ್ಥದ ಸೂಚನೆ ಕೊಡುತ್ತದೆ. ಹಿಂದೆ ಸನ್ ಸಂಸ್ಥೆಯ ಜಾವಾಕ್ಕೆ ಇದೇ ಗತಿಯಿತ್ತು. 2006ರಲ್ಲಿ ಸನ್ ವಿತರಕರಿಗೆ ವಿಶೇಷ ಪರವಾನಗಿ ನೀಡಿತು; ಸನ್ನನ್ನು ಕೊಂಡ ಒರೇಕಲ್ 2011ರಲ್ಲಿ ಅದನ್ನು ನಿಲ್ಲಿಸಿತು. ಕೊಟ್ಟವರು ಹಿಂತೆಗೆಯಬಲ್ಲರೆಂಬುದು ಮತ್ತೆ ಕಂಡಿತು. ಅಷ್ಟರಲ್ಲಿ ಮುಕ್ತವಾದ ಓಪನ್‌ಜೆಡಿಕೆ ಸಿದ್ಧವಾಗಿದ್ದುದರಿಂದ ಬಳಕೆದಾರರು ಕೈಬರಿದಾಗಲಿಲ್ಲ. ಏರಿಯಲ್ ಮೊದಲಾದವುಗಳ ಅಳತೆಗೇ ಹೊಂದುವ ಲಿಬರೇಶನ್ ಫಾಂಟುಗಳನ್ನು ರೆಡ್‌ಹ್ಯಾಟ್ 2007ರಲ್ಲೇ ಹೊರತಂದಿತ್ತು.

ಇನ್ನು ನಮ್ಮ ಲಿಪಿ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ನಿನ ಮುಖ್ಯ ಭಂಡಾರದಲ್ಲೇ ಇವೆ. ಒಂದು ಆದೇಶ ಕೊಟ್ಟರೆ ಸಾಕು, ಯಾವ ಪ್ರಶ್ನೆಯೂ ಇಲ್ಲದೆ ಗಣಕಕ್ಕೆ ಬಂದಿಳಿಯುತ್ತವೆ. ರೂಪಿಸಿದವರು ಮುಂದೆ ಮನಸ್ಸು ಬದಲಿಸಿದರೂ ನಮ್ಮಲ್ಲಿರುವ ಪ್ರತಿಯನ್ನು ಬಳಸುವ, ತಿದ್ದುವ, ಹಂಚುವ ಹಕ್ಕು ನಮ್ಮದೇ.

ತವರಿನಿಂದ ದೂರವಿರುವವರ ಕನ್ನಡ ಇಂದು ಬಹುಮಟ್ಟಿಗೆ ಪರದೆಯ ಮೇಲೆಯೇ ಬಾಳುತ್ತಿದೆ. ಉಚಿತವಾದುದು ಕೊಟ್ಟವರ ಔದಾರ್ಯ. ಮುಕ್ತವಾದುದು ಪಡೆದವರ ಹಕ್ಕು. ನಮ್ಮ ಅಕ್ಷರಗಳು ಎರಡನೆಯದರ ಆಸರೆಯಲ್ಲಿರುವುದು ಸಣ್ಣ ನೆಮ್ಮದಿಯಲ್ಲ.